ಸ್ವಲ್ಪ ನೋಡಿ ಕೊಡಿ

ಆ ಬೀದಿಯಲ್ಲಿ ಫೋಟೋ ಸ್ಟುಡಿಯೋದವನ ನಿಜವಾದ ಹೆಸರು ಅವನ ತಾಯಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಎಲ್ಲರ ಬಾಯಲ್ಲೂ ಅವನು ಟಚಪ್ಪ. ಮುಖಗಳಿಗೆ ಟಚಪ್ ಮಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾರೋ ತಮಾಷೆಗೆ ಆ ಕೆಲಸದ ಹೆಸರನ್ನೇ ಎಳೆದು ಅವನಿಗೆ ಇಟ್ಟುಬಿಟ್ಟಿದ್ದರು, ಅದು ಅಂಟಿಕೊಂಡಿತು. ಹೆಂಡತಿ ಮಾತ್ರ "ರೀ" ಅನ್ನುತ್ತಿದ್ದಳು. ಸಿಟ್ಟು ಬಂದ ದಿನ ಅವಳೂ "ಟಚಪ್ಪನವರೇ" ಎಂದೇ ಶುರುಮಾಡುತ್ತಿದ್ದಳು.

ಅಂಗಡಿಯಲ್ಲಿ ಒಂದು ಮಾತು ಎರಡು ತಲೆಮಾರಿನಿಂದ ನಡೆದುಬಂದಿತ್ತು. ಫೋಟೋ ತೆಗೆಸಿಕೊಂಡು ಏಳುವಾಗ ಗಿರಾಕಿಗಳು ಮೊಡವೆಯನ್ನೋ ಗಲ್ಲದ ಕೆಳಗಿನ ಜೋಲನ್ನೋ ಬೆರಳಿನಿಂದ ಮುಟ್ಟಿ, ಕೊಂಚ ನಾಚಿ, "ಇದನ್ನ ಸ್ವಲ್ಪ ನೋಡಿ ಕೊಡಿ" ಅನ್ನುತ್ತಿದ್ದರು. ಅಳಿಸಿ ಕೊಡಿ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ನೋಡುವುದು ಅಂದರೆ ಕಣ್ಣಿನ ಕೆಲಸವಾಗಿರಲಿಲ್ಲ, ಕೈಯ ಕೆಲಸವಾಗಿತ್ತು. "ಆ ಮದುವೆ ಫೋಟೋ ನೋಡಿ ಆಯ್ತಾ?" ಅಂದರೆ ಮದುಮಗನ ಕಣ್ಣಿನ ಕೆಳಗಿನ ಕಪ್ಪು ತೆಗೆದು ಆಯಿತೇ ಎಂದರ್ಥ.

ಅಜ್ಜಿಯೂ, ಅಂದರೆ ಟಚಪ್ಪನ ತಾಯಿಯೂ, ಒಂದು ಕಾಲದಲ್ಲಿ ನೋಡಿದವಳೇ. ಗಂಡ ಬದುಕಿದ್ದಾಗ ಕಿಟಕಿಯ ಪಕ್ಕದ ಓರೆ ಮೇಜಿನ ಮೇಲೆ ನೆಗೆಟಿವ್ ಇಟ್ಟುಕೊಂಡು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಊರಿನವರ ಸುಕ್ಕುಗಳನ್ನೆಲ್ಲ ತುಂಬಿ ಮುಚ್ಚಿದವಳು. ಕಾಲೇಜು ಓದಿದ ಹುಡುಗಿ ಹೀಗೆ ಕಣ್ಣು ಹಾಳುಮಾಡಿಕೊಳ್ಳುತ್ತಾಳಲ್ಲ ಎಂದು ಅತ್ತೆ ಗೊಣಗಿದರೂ ಬಿಟ್ಟಿರಲಿಲ್ಲ. ಪೆನ್ಸಿಲ್ ಒತ್ತಿ ಒತ್ತಿ ಬಲಗೈಯ ನಡುಬೆರಳಿನಲ್ಲಿ ಬಿದ್ದ ತಗ್ಗು ಇನ್ನೂ ಹಾಗೇ ಇತ್ತು. ಈಗ ಬಟಾಣಿ ಬಿಡಿಸುವಾಗ ಕಾಯಿ ಆ ತಗ್ಗಿನಲ್ಲೇ ಸರಿಯಾಗಿ ಕೂರುತ್ತಿತ್ತು.

ಮನೆ ಅಂಗಡಿಯ ಹಿಂದೆಯೇ. ಸೊಸೆ, ಅಂದರೆ ಟಚಪ್ಪನ ಹೆಂಡತಿ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಒಬ್ಬಳೇ ಮೊಮ್ಮಗಳು ಗುಬ್ಬಿ. ಹೆಸರಿಗೆ ತಕ್ಕಂತೆ ಕೂತಲ್ಲಿ ಕೂರುವವಳಲ್ಲ. ಅವಳಿಗೆ ಹದಿನೆಂಟು ತುಂಬಿದ ದಿನ ಟಚಪ್ಪ ಯಾರನ್ನೂ ಕೇಳದೆ ಅಂಗಡಿಯ ನೀಲಿ ಬೋರ್ಡಿನಲ್ಲಿ 'ಫೋಟೋ ಸ್ಟುಡಿಯೋ' ಎಂಬುದರ ಕೆಳಗೆ ಕೆಂಪಕ್ಷರದಲ್ಲಿ 'ಮತ್ತು ಮಗಳು' ಎಂದು ಬರೆಸಿದ್ದ. ಗುಬ್ಬಿ ನಾಲ್ಕು ವರ್ಷದ ಮೇಲೆ ಒಂದು ದಿನಪತ್ರಿಕೆಗೆ ಅರ್ಜಿ ಹಾಕಿದಳು. ಮೂರು ತಿಂಗಳು ನೋಡುತ್ತೇವೆ, ಸರಿಯಾದರೆ ಸುದ್ದಿ ಛಾಯಾಗ್ರಾಹಕಿಯಾಗಿ ಇಟ್ಟುಕೊಳ್ಳುತ್ತೇವೆ ಎಂದು ಅವರು ಕರೆದರು.

ಅಲ್ಲಿಂದ ಬೆಳಗಿನ ತಿಂಡಿಗೊಂದು ಜಗಳ ಜೊತೆಗೂಡಿತು.

"ಇಲ್ಲಿ ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸಾನ ಅಲ್ಲಿ ಬಿಸಿಲಲ್ಲಿ ನಿಂತು ಮಾಡ್ತೀನಿ ಅನ್ನು," ಅಂದ ಟಚಪ್ಪ.

"ಇಲ್ಲಿ ಜನ ಬಂದು ನಮ್ಮ ಮುಂದೆ ಕೂರ್ತಾರಪ್ಪ. ಅಲ್ಲಿ ಜನ ಇದ್ದಲ್ಲಿಗೆ ನಾನು ಹೋಗ್ಬೇಕು."

"ಕರೀದೇ ಇದ್ರೂ?"

"ಕರೀದೇ ಇದ್ರೂ."

"ಕರೀದೇ ಇರೋರ ಮನೆಗೆ ಹೋಗೋದನ್ನ ನಾವು ನಿಂಗೆ ಕಲಿಸಿರಲಿಲ್ಲ."

"ನೀವಿಬ್ರೂ ಜಗಳ ಆಡೋದಾದ್ರೆ ಮೊಟ್ಟೆ ಸಿಪ್ಪೆ ತೆಗೀತಾ ಆಡಿ," ಅಂದಳು ಸೊಸೆ, ಡಬ್ಬಿಗೆ ಮುಚ್ಚಳ ಒತ್ತುತ್ತ. "ನಂಗೆ ಹೊತ್ತಾಯ್ತು."

ಇಬ್ಬರೂ ಒಂದೊಂದು ಮೊಟ್ಟೆ ಎತ್ತಿಕೊಂಡರು. ಟಚಪ್ಪ ತಾನು ಬಿಡಿಸಿದ್ದನ್ನು ಮಗಳ ತಟ್ಟೆಗೆ ಹಾಕಿದ್ದನ್ನು ಅಜ್ಜಿ ಕಂಡಳು. ಜಗಳ ಮುಂದುವರಿಯಿತು.

ಪತ್ರಿಕೆಯ ಚಿತ್ರ ವಿಭಾಗವನ್ನು ನಡೆಸುತ್ತಿದ್ದವರು ಬೆಳ್ಳಗಿನ ಕತ್ತರಿಸಿದ ಕೂದಲಿನ ಒಬ್ಬ ಮೇಡಂ. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿತ್ತಂತೆ: 'ಕತ್ತರಿಸಬಹುದು, ಅಳಿಸಬಾರದು'. ಊಟಕ್ಕೆ ಕೂತಾಗ ಗುಬ್ಬಿ ಅದನ್ನು ಹೇಳಿದಳು.

"ಅಂಚು ಬೇಡ ಅನ್ನಿಸಿದ್ರೆ ಕತ್ತರಿಸಬಹುದು. ಒಳಗಿರೋದನ್ನ ಮುಟ್ಟೋ ಹಾಗಿಲ್ಲ."

"ಮೂಗಿನ ಮೇಲೆ ನೊಣ ಕೂತಿದ್ರೆ?" ಕೇಳಿದ ಟಚಪ್ಪ.

"ನೊಣಾನೂ ಪೇಪರಲ್ಲಿ ಬರತ್ತೆ."

"ಪಾಪ, ಆ ಮೂಗಿನವರ ಗತಿ!" ಅಂದ ಅವನು. ಆ ಹೊತ್ತಿಗೆ ಎಲ್ಲರೂ ನಕ್ಕು ಮಾತು ಅಲ್ಲಿಗೇ ಮುಗಿಯಿತು.

ಪರೀಕ್ಷೆಯ ಅವಧಿ ಮುಗಿಯಲು ಇನ್ನು ಐದು ವಾರ ಇದೆ ಅನ್ನುವಾಗ ಗುಬ್ಬಿಗೆ ಭಾನುವಾರದ ಪುಟದ ಕೆಲಸ ಬಂತು. ಊರಿನ ಹಳೆಯ ಬೇಕರಿಯವರು ಸೌದೆ ಒಲೆ ಕೆಡವಿ ಕರೆಂಟಿನ ಒಲೆ ಹಾಕಿಸುವವರಿದ್ದರು. ಆ ಸೌದೆ ಒಲೆಯನ್ನು ಮೂವತ್ತೊಂದು ವರ್ಷದಿಂದ ನೋಡಿಕೊಂಡು ಬಂದವಳು ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಒಲೆಯಮ್ಮ ಅನ್ನುತ್ತಿದ್ದರು. ಗುಬ್ಬಿ ಮೂರು ದಿನ ಬೆಳಗಿನ ಜಾವ ಎದ್ದು ಅಲ್ಲಿಗೆ ಹೋದಳು. ಮೊದಲ ದಿನ ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲವಂತೆ. ಸುಮ್ಮನೆ ಒಂದು ಮೂಲೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂತು ಬಂದಳಂತೆ. ಮೂರನೆಯ ದಿನ ತಿಂಡಿಯ ಹೊತ್ತಿಗೆ ಮರಳಿದವಳ ಕೈಯಲ್ಲಿ ಬಿಸಿ ಬ್ರೆಡ್ಡಿತ್ತು.

"ದುಡ್ಡು ತಗೊಳ್ಳಲಿಲ್ಲ ಅಜ್ಜಿ. ಫೋಟೋ ತೆಗೆಯೋರು ಖಾಲಿ ಹೊಟ್ಟೇಲಿ ನಿಂತ್ರೆ ಕೈ ನಡುಗತ್ತೆ ಅಂದ್ರು."

"ಯಾರ ಹತ್ರಾನೂ ಏನೂ ತಗೋಬಾರದು ಅಂತ ನಿಮ್ಮ ಮೇಡಂ ಹೇಳಿದ್ರಲ್ಲ?" ಸೊಸೆ ಕೆಣಕಿದಳು.

ಗುಬ್ಬಿ ಒಂದು ಕ್ಷಣ ಯೋಚಿಸಿದಳು. "ಬ್ರೆಡ್ ಬಗ್ಗೆ ಏನೂ ಹೇಳಿಲ್ಲ," ಅಂದು ದೊಡ್ಡದೊಂದು ತುಂಡು ಮುರಿದುಕೊಂಡಳು.

ತಿನ್ನುತ್ತಲೇ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಚಿತ್ರಗಳನ್ನು ಅಜ್ಜಿಗೆ ತೋರಿಸಿದಳು. ಒಂದರಲ್ಲಿ ಒಲೆಯಮ್ಮ ಉದ್ದನೆಯ ಮರದ ಸಲಿಕೆಯಿಂದ ಬ್ರೆಡ್ಡು ಹೊರಗೆಳೆಯುತ್ತಿದ್ದಳು. ಮುಖ ಅರ್ಧ ಕೆಂಪು ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ. ಮುಂದೆ ಚಾಚಿದ ಮುಂಗೈ ಚಿತ್ರದ ತುಂಬ ಬಂದಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗುರುತುಗಳು, ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು.

"ಅಯ್ಯೋ, ಕೈ ನೋಡೋಕಾಗಲ್ಲ ಕಣೇ, ಪಾಪ," ಅಂದಳು ಅಜ್ಜಿ.

ಗುಬ್ಬಿ ಕೈ ತೊಳೆಯಲು ಎದ್ದಿದ್ದಳು, ಕೇಳಿಸಿಕೊಳ್ಳಲಿಲ್ಲ. ಎದುರಿಗೆ ಕೂತಿದ್ದ ಟಚಪ್ಪ ಕೇಳಿಸಿಕೊಂಡ.

ಗುರುವಾರ ಮಧ್ಯಾಹ್ನ ಗುಬ್ಬಿ ಚಿತ್ರಗಳನ್ನು ಅಂಗಡಿಯ ಕಂಪ್ಯೂಟರಿಗೆ ಇಳಿಸಿ ಕೂತಿದ್ದಾಗ ಫೋನ್ ಬಂತು. ನೀರಿನ ದೊಡ್ಡ ಪೈಪು ಒಡೆದು ಕೆಳಗಿನ ಬೀದಿಗಳಿಗೆ ನೀರು ನುಗ್ಗಿದೆ, ಹೊರಡು ಎಂದು. ಅವಳು ಚೀಲ ಹೆಗಲಿಗೇರಿಸಿದಳು.

"ಅಪ್ಪ, ಆ ಮೂರನೇ ಫೋಟೋ, ಕೈ ಮುಂದಿರೋದು. ಅದನ್ನ ಸ್ವಲ್ಪ ನೋಡಿ ಕಳಿಸಿಬಿಡು. ವಿಳಾಸ ಅಲ್ಲೇ ಇದೆ."

"ನಾನಾ?"

"ನೀನೇ. ಬಂದೆ!" ಸ್ಕೂಟರಿನ ಸದ್ದು ಬೀದಿ ತಿರುಗಿತು.

ಟಚಪ್ಪ ಸ್ವಲ್ಪ ಹೊತ್ತು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದ. ಪತ್ರಿಕೆಯ ಕೆಲಸಕ್ಕೆ ಮಗಳು ಅಪ್ಪನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಆಮೇಲೆ ಕನ್ನಡಕ ಒರೆಸಿಕೊಂಡು, ಬಾಗಿಲಿಗೆ 'ಅರ್ಧ ಗಂಟೆಯಲ್ಲಿ ಬರುತ್ತೇನೆ' ಎಂಬ ಹಲಗೆ ತಗುಲಿಸಿ ಕೂತ. ಅಜ್ಜಿ ಪಕ್ಕದಲ್ಲೇ ಬಟಾಣಿ ಬಿಡಿಸುತ್ತಿದ್ದಳು. ಅರ್ಧ ಗಂಟೆ ಹೋಗಿ ಒಂದೂವರೆ ಗಂಟೆಯಾಯಿತು. ಅಷ್ಟು ಮನಸ್ಸಿಟ್ಟು ಅವನು ನೋಡಿದ್ದನ್ನು ಅವಳು ಈಚೆಗೆ ಕಂಡಿರಲಿಲ್ಲ. ಒಂದೊಂದು ಗುರುತನ್ನೂ ಪಕ್ಕದ ಚರ್ಮದಿಂದ ಎರವಲು ತಂದು ಮುಚ್ಚಿದ. ರೋಮಗಳನ್ನು ಹಾಗೇ ಬಿಟ್ಟ. ಒಲೆಯ ಕೆಂಪು ಬೆಳಕು ಕೈಮೇಲೆ ಬಿದ್ದ ರೀತಿ ಎಳ್ಳಷ್ಟೂ ಕೆಡಲಿಲ್ಲ.

"ಹೇಗಿದೆಯಮ್ಮ?"

ಅಜ್ಜಿ ಬಗ್ಗಿ ನೋಡಿದಳು. ಕೈ ಬೆಣ್ಣೆಯ ಹಾಗಿತ್ತು. "ನಿಮ್ಮಪ್ಪನ ಕೈ ಬಂದಿದೆ ಕಣೋ ನಿಂಗೆ," ಅಂದಳು. ಮನಸಾರೆ ಅಂದಳು.

ಅವನು ಕಳಿಸಿದ.

ಶುಕ್ರವಾರ, ಶನಿವಾರ ಗುಬ್ಬಿ ಮೊಣಕಾಲುದ್ದ ನೀರಿನಲ್ಲೇ ಇದ್ದಳು. ಬೇಕರಿಯ ಚಿತ್ರ ತಲುಪಿತೇ ಎಂದು ಫೋನಿನಲ್ಲಿ ಕೇಳಿದಳು, ತಲುಪಿದೆ ಅಂದರು. ಭಾನುವಾರ ಪತ್ರಿಕೆ ಹಾಕುವವನು ಬರುವ ಮೊದಲೇ ಟಚಪ್ಪ ಬಾಗಿಲಲ್ಲಿ ನಿಂತಿದ್ದ. ಐದು ಪ್ರತಿ ತಂದ. ಸೊಸೆ ಒಂದನ್ನು ಕೌಂಟರಿನ ಗೆಳತಿಯರಿಗೆ ಎಂದು ಎತ್ತಿಟ್ಟಳು. ಗುಬ್ಬಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು, ನಗುನಗುತ್ತ ಪುಟ ತಿರುಗಿಸಿದಳು. ಪುಟದ ಮೇಲರ್ಧ ಅವಳ ಚಿತ್ರವೇ. ಕೆಳಗೆ ಅವಳ ಹೆಸರು.

ನಗು ನಿಂತಿತು.

"ಇದು ಯಾರ ಕೈ?"

"ಯಾರ ಕೈ ಅಂದ್ರೆ? ಅದೇ ಹೆಂಗಸಿನದು," ಅಂದ ಟಚಪ್ಪ. "ಚೆನ್ನಾಗಿ ಬಂದಿಲ್ವಾ? ಒಂದೂವರೆ ಗಂಟೆ ನೋಡಿದೀನಿ."

"ನೋಡಿದೀಯಾ?" ಗುಬ್ಬಿಯ ಧ್ವನಿ ಸಣ್ಣಗಾಯಿತು. "ಅಪ್ಪ, ನೋಡಿ ಕಳಿಸು ಅಂದ್ರೆ ಸರಿಯಾದ ಫೋಟೋನೇ ಹೋಗ್ತಿದೆಯಾ ನೋಡು ಅಂತ!"

"ಹಾಗಂತ ಹೇಳಬೇಕಿತ್ತು."

"ನೋಡು ಅಂದ್ರೆ ನೋಡು ಅಂತ ಬಿಡಿಸಿ ಹೇಳ್ಬೇಕಾ?"

"ಈ ಮನೇಲಿ ಹುಟ್ಟಿ ಬೆಳೆದೋಳು ನೀನು! ಈ ಅಂಗಡೀಲಿ ನೋಡು ಅಂದ್ರೆ ಏನು ಅಂತ ನಿಂಗೊತ್ತಿಲ್ವಾ?"

ಅವಳಿಗೆ ಗೊತ್ತಿತ್ತು. ಮಾತು ಆಡುವ ಹೊತ್ತಿಗೆ ಮಾತ್ರ ನೆನಪಾಗಿರಲಿಲ್ಲ. ಅವಳು ಕುರ್ಚಿಯಲ್ಲಿ ಕುಸಿದಳು. "ಇದಕ್ಕೆ ಕೆಲಸದಿಂದ ತೆಗೀತಾರಪ್ಪ. ಬೇರೆ ಯಾವ ತಪ್ಪಿಗಾದ್ರೂ ಒಂದು ಎಚ್ಚರಿಕೆ ಅಂತ ಕೊಡ್ತಾರೆ. ಇದಕ್ಕಿಲ್ಲ."

ಟಚಪ್ಪ ಪುಟವನ್ನು ತನ್ನ ಕಡೆ ಎಳೆದುಕೊಂಡ. "ಅಷ್ಟು ನೀಟಾಗಿ ಮಾಡಿದೀನಿ, ಯಾರಿಗೂ ಗೊತ್ತಾಗಲ್ಲ," ಅಂದ ಮೆಲ್ಲಗೆ.

"ನಂಗೆ ಗೊತ್ತಾಯ್ತಲ್ಲ."

ಸೊಸೆ ಚಹಾದ ಲೋಟಗಳನ್ನು ಮೇಜಿನ ಮೇಲಿಟ್ಟಳು. "ನಾನು ತಪ್ಪು ಟಿಕೆಟ್ ಹರಿದುಕೊಟ್ಟರೆ ಏನು ಮಾಡ್ತೀನಿ? ಓಡಿ ಹೋಗಿ ಬಸ್ಸಿನ ಮುಂದೆ ನಿಲ್ತೀನಿ. ಬಸ್ ಹೊರಟ ಮೇಲೆ ಯಾರಿಗೂ ಗೊತ್ತಾಗಲ್ಲ ಅಂತ ಕೂತ್ಕೊಂಡ್ರೆ ಆ ಮನುಷ್ಯ ಬೇರೆ ಊರಲ್ಲಿ ಇಳೀತಾನೆ. ಚಹಾ ಕುಡಿ. ನಾಳೆ ಹೋಗಿ ನೀನೇ ಹೇಳು."

ಸೋಮವಾರ ಗುಬ್ಬಿ ಹೋದಳು. ಮಧ್ಯಾಹ್ನ ಊಟದ ಹೊತ್ತಿಗೇ ವಾಪಸು ಬಂದಳು. ಹೆಗಲಲ್ಲಿ ಚೀಲವಿರಲಿಲ್ಲ.

"ಕ್ಯಾಮೆರಾ?" ಕೇಳಿದಳು ಅಜ್ಜಿ.

"ಕಪಾಟಲ್ಲಿಟ್ಟು ಬೀಗ ಹಾಕಿದ್ರು. ನಾಳೆಯಿಂದ ಹಳೇ ಫೋಟೋಗಳ ಕೋಣೇಲಿ ಕೂತು ಅವುಗಳ ಹಿಂದೆ ಹೆಸರು, ತಾರೀಕು ಬರೀಬೇಕು. ಇಟ್ಕೊಳ್ತಾರೋ ಕಳಿಸ್ತಾರೋ ಯೋಚನೆ ಮಾಡಿ ಹೇಳ್ತಾರಂತೆ."

"ಮೇಡಂ ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು."

ಅಲ್ಲಿಂದ ಮುಂದೆ ಅಪ್ಪ ಊಟಕ್ಕೆ ಕೂತಾಗ ಮಗಳಿಗೆ ಹಸಿವಿರಲಿಲ್ಲ. ಮಗಳು ಕೂತಾಗ ಅಪ್ಪನಿಗೆ ಅಂಗಡಿಯಲ್ಲಿ ಕೆಲಸವಿತ್ತು. ಅಜ್ಜಿ ಎರಡೆರಡು ಸಲ ಬೇಳೆ ಬಿಸಿ ಮಾಡಿದಳು. "ಇದೇನು ಮನೇನಾ, ಪಾಳಿ ಮೇಲೆ ನಡೆಯೋ ಕಾರ್ಖಾನೇನಾ?" ಎಂದು ಸೊಸೆ ರೇಗಿದ್ದೂ ಆಯಿತು.

ಆದರೂ ಅಜ್ಜಿಯ ಕಣ್ಣಿಗೆ ಬೇರೆ ಕೆಲವು ಬೀಳುತ್ತಿದ್ದವು. ಕ್ಯಾಮೆರಾ ಮನೆಯಲ್ಲಿ ಇಲ್ಲದಿದ್ದರೂ ಅದರ ಎರಡನೆಯ ಬ್ಯಾಟರಿಯನ್ನು ಟಚಪ್ಪ ದಿನಾ ಬೆಳಿಗ್ಗೆ ಚಾರ್ಜಿಗೆ ಹಾಕಿ, ತುಂಬಿದ ಮೇಲೆ ಒರೆಸಿ, ಮಗಳ ಮೇಜಿನ ಮೇಲಿಡುತ್ತಿದ್ದ. ಗುಬ್ಬಿ ಮಾತಾಡದೆಯೇ ಅಪ್ಪನ ಕನ್ನಡಕದ ಸಡಿಲ ತಿರುಪನ್ನು ಬಿಗಿಮಾಡಿ ಅಂಗಡಿಯ ಗಲ್ಲಾದ ಮೇಲಿಟ್ಟು ಹೋಗುತ್ತಿದ್ದಳು. ಅಂಗಡಿಯಲ್ಲಿ ಮಾತ್ರ ಗಲಿಬಿಲಿ. ಗಿರಾಕಿಯೊಬ್ಬಳು ಕೆನ್ನೆ ಮುಟ್ಟಿಕೊಂಡು "ಸ್ವಲ್ಪ ನೋಡಿ ಕೊಡಿ" ಅಂದರೆ ಟಚಪ್ಪ, "ಯಾಕೆ, ಚೆನ್ನಾಗೇ ಇದೆಯಲ್ಲ?" ಅಂದುಬಿಟ್ಟ. ಆಕೆ ಮೂತಿ ತಿರುಗಿಸಿಕೊಂಡು ಹೋದಳು.

ಅಜ್ಜಿ ಬಟಾಣಿ ಬಿಡಿಸುತ್ತ ತನ್ನ ಪಾಲಿನ ಲೆಕ್ಕ ಹಾಕುತ್ತಿದ್ದಳು. ಕೈ ನೋಡೋಕಾಗಲ್ಲ ಎಂದವಳು ತಾನು. ಬೆಣ್ಣೆಯಂತಾದ ಕೈಯನ್ನು ಹೊಗಳಿದವಳೂ ತಾನೇ.

ಗುರುವಾರ ಅಂಗಡಿಗೆ ಒಬ್ಬ ದಪ್ಪನೆಯ ಹೆಂಗಸು ಬಂದಳು. ಕಂಕುಳಲ್ಲಿ ಮಡಿಸಿದ ಪತ್ರಿಕೆ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ರವಿಕೆಯ ತೋಳು ಮೊಣಕೈಗಿಂತ ಮೇಲಿತ್ತು. ಆ ಕೈ ಕಂಡದ್ದೇ ಅಜ್ಜಿ ಬಟಾಣಿಯ ತಟ್ಟೆ ಕೆಳಗಿಟ್ಟಳು.

"ಟಚಪ್ಪ ಅಂದ್ರೆ ನೀವೇನಾ?" ಕೇಳಿದಳು ಒಲೆಯಮ್ಮ. "ನನ್ನ ಕೈ ಕದ್ದೋರು?"

ಟಚಪ್ಪ ಎದ್ದು ನಿಂತ. "ಯಾರು ಹೇಳಿದ್ರು?"

"ನಿಮ್ಮ ಮಗಳು ಸೋಮವಾರವೇ ಬಂದು ತಪ್ಪಾಯ್ತು ಅಂದ್ಲು. ಯಾರು ಮಾಡಿದ್ದು ಅಂತ ಕೇಳಿದ್ರೆ ಬಾಯಿ ಬಿಡಲಿಲ್ಲ. ಇಡೀ ಊರಲ್ಲಿ ಇಷ್ಟು ನೀಟಾಗಿ ಮಾಡೋರು ಒಬ್ರೇ ಅಂತ ನಮ್ಮ ಹಿಟ್ಟು ಕಲಸೋರು ಅಂದ್ರು." ಅವಳು ಕುರ್ಚಿ ಎಳೆದುಕೊಂಡು ಕೂತಳು. "ನೋಡಿ, ನಂಗೇನೂ ಸಿಟ್ಟಿಲ್ಲ. ನಮ್ಮೋರೆಲ್ಲ ಗೇಲಿ ಮಾಡ್ತಾ ಇದಾರೆ ಅಷ್ಟೇ. ಒಲೆಗೆ ಹೋಗೋವಾಗ ಕೈಗೆ ಏನು ಹಚ್ಕೊಂಡು ಹೋಗ್ತೀಯಾ, ನಮಗೂ ಒಂದು ಡಬ್ಬಿ ಕೊಡು ಅಂತಾರೆ."

"ಚೆನ್ನಾಗಿ ಕಾಣ್ಲಿ ಅಂತ..." ಟಚಪ್ಪನ ಮಾತು ಅರ್ಧಕ್ಕೆ ನಿಂತಿತು.

"ಕಾಣತ್ತೆ. ಯಾರದೋ ಮನೆ ಮಗಳ ಕೈ ಹಾಗೆ ಕಾಣತ್ತೆ." ಒಲೆಯಮ್ಮ ತನ್ನ ಮುಂಗೈಯನ್ನು ಮೇಜಿನ ಮೇಲೆ ಚಾಚಿ ಒಂದೊಂದಾಗಿ ಮುಟ್ಟಿದಳು. "ಇದು ಕೆಲಸಕ್ಕೆ ಸೇರಿದ ಮೊದಲನೇ ದಿನದ್ದು. ಇದು ಮಗನಿಗೆ ಜ್ವರ ಬಂದಿತ್ತು, ಮನಸ್ಸು ಇಲ್ಲಿರಲಿಲ್ಲ, ಆವತ್ತಿನದು. ಇದು ನಗ್ತಾ ನಗ್ತಾ ಆಗಿದ್ದು. ಯಾಕೆ ನಗ್ತಿದ್ವಿ ಅನ್ನೋದು ಮರೆತುಹೋಗಿದೆ, ಗುರುತು ಉಳಿದಿದೆ. ಇನ್ನು ಹದಿನೈದು ದಿನಕ್ಕೆ ಒಲೆ ಕೆಡವ್ತಾರೆ. ಆಮೇಲೆ ಆ ಒಲೆ ಇತ್ತು ಅನ್ನೋದಕ್ಕೆ ಉಳಿಯೋದು ಇದೊಂದೇ. ನನ್ನ ಕೈ ನಂಗೆ ವಾಪಸ್ ಕೊಡಿ."

ಟಚಪ್ಪ ಕಂಪ್ಯೂಟರ್ ಆನ್ ಮಾಡಿದ. ಗುಬ್ಬಿ ಇಳಿಸಿಟ್ಟಿದ್ದ ಮೂಲ ಚಿತ್ರ ಹಾಗೇ ಇತ್ತು. ಅದನ್ನು ಪರದೆಯ ತುಂಬ ತೆರೆದು ತಾನು ಪಕ್ಕಕ್ಕೆ ಸರಿದ. ಒಲೆಯಮ್ಮ ನೋಡಿದಳು. ಟಚಪ್ಪನೂ ನೋಡಿದ. ಒಂದೂವರೆ ಗಂಟೆ ಅದೇ ಕೈಯ ಮೇಲೆ ಕೆಲಸ ಮಾಡಿದ್ದರೂ ಅದನ್ನು ಇವತ್ತೇ ಮೊದಲ ಸಲ ಕಾಣುತ್ತಿದ್ದಾನೆ ಎಂದು ಅಜ್ಜಿಗೆ ಅನ್ನಿಸಿತು.

"ಎಷ್ಟು ದೊಡ್ಡದು ಬೇಕಮ್ಮ?" ಕೇಳಿದ ಕೊನೆಗೆ.

"ಗೋಡೆಗೆ ಹಾಕೋವಷ್ಟು."

ಅಂಗಡಿಯಲ್ಲಿದ್ದ ಅತಿ ದೊಡ್ಡ ಹಾಳೆಯಲ್ಲಿ ಅದರ ಪ್ರಿಂಟ್ ತೆಗೆದು, ಸುರುಳಿ ಸುತ್ತಿ ಕೊಟ್ಟ. ಒಲೆಯಮ್ಮ ಏಳುವಾಗ ಅಜ್ಜಿ ತನ್ನ ಬಲಗೈ ಮುಂದೆ ಚಾಚಿದಳು. "ನಂದೂ ಒಂದಿದೆ, ಇಲ್ಲಿ ನೋಡಿ. ಪೆನ್ಸಿಲಿಂದು."

ಒಲೆಯಮ್ಮ ಆ ತಗ್ಗನ್ನು ಹೆಬ್ಬೆರಳಿನಿಂದ ಸವರಿದಳು. "ಚಿಕ್ಕದಾದ್ರೂ ಗಟ್ಟಿ ಇದೆ," ಅಂದಳು. ಬ್ರೆಡ್ಡಿನ ಪೊಟ್ಟಣ ಗಲ್ಲಾದ ಮೇಲೇ ಉಳಿಯಿತು.

ಮಾರನೆಯ ದಿನ ಟಚಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. "ಅಮ್ಮ, ಆ ಪೇಪರ್ ಆಫೀಸಿಗೆ ಹೋಗಿ ಬರ್ತೀನಿ."

"ನಾನೂ ಬರ್ತೀನಿ."

"ನೀನ್ಯಾಕೆ?"

"ತಪ್ಪಲ್ಲಿ ನಂದೂ ಪಾಲಿದೆ. ಚಪ್ಪಲಿ ಎಲ್ಲಿ?"

ಚಿತ್ರ ವಿಭಾಗದ ಮೇಡಂ ಅವರಿಬ್ಬರನ್ನೂ ಕೂರಿಸಿ ನೀರು ಕೊಟ್ಟರು. ಆ ಚೀಟಿ ಗೋಡೆಯ ಮೇಲೆ ನಿಜಕ್ಕೂ ಇತ್ತು, ಮೂಲೆ ಮಡಚಿಕೊಂಡು. ಟಚಪ್ಪ ದಾರಿಯುದ್ದಕ್ಕೂ ಉರುಹೊಡೆದ ಮಾತೆಲ್ಲ ಮರೆತು ನೇರ ಕೊನೆಗೇ ಬಂದ.

"ನನ್ನ ಮಗಳದ್ದೇನೂ ತಪ್ಪಿಲ್ಲ ಮೇಡಂ. ಅವಳು ನೋಡಿ ಕಳಿಸು ಅಂದ್ಲು. ನಾನು ನೋಡಿದೆ."

"ನೋಡಿದ್ರಲ್ಲಿ ತಪ್ಪೇನು?"

"ಅಂದ್ರೆ... ನೋಡಿಬಿಟ್ಟೆ ಮೇಡಂ."

ಮೇಡಂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಬಿಡಿಸಿ ಹೇಳಿದಳು: ಅಂಗಡಿಯ ಮಾತು, ಪೆನ್ಸಿಲಿನ ಕಾಲ, ಬ್ರೆಡ್ಡು ತಿಂದ ದಿನ ತನ್ನ ಬಾಯಿಂದ ಬಂದದ್ದು, ಎಲ್ಲ. "ನಮ್ಮಲ್ಲಿ ನೋಡೋದು ಅಂದ್ರೆ ಅಳಿಸೋದು ತಾಯಿ."

"ಇಲ್ಲಿ ನೋಡೋದು ಅಂದ್ರೆ ಬರೀ ನೋಡೋದು," ಅಂದರು ಮೇಡಂ. ತುಟಿಯಂಚಿನಲ್ಲಿ ನಗುವಿತ್ತೋ ಏನೋ. "ಒಂದು ವಿಷಯ ಹೇಳ್ತೀನಿ. ಮಾಡಿದ್ಯಾರು ಅಂತ ಅವಳನ್ನ ಮೂರು ಸಲ ಕೇಳಿದೆ. 'ಫೋಟೋ ನನ್ನ ಕೈಯಿಂದಲೇ ಹೋಗಬೇಕಿತ್ತು, ಹೋಗಲಿಲ್ಲ, ತಪ್ಪು ನಂದು' ಅಂದ್ಲು. ಇದರಲ್ಲಿ ನೀವಿಬ್ರೂ ಇದ್ದೀರಿ ಅನ್ನೋದೇ ನಂಗೆ ಇವತ್ತು ಗೊತ್ತಾಗಿದ್ದು."

ಟಚಪ್ಪ ನೀರಿನ ಲೋಟ ಎತ್ತಿದ, ಕುಡಿಯದೆ ಹಾಗೇ ಇಟ್ಟ.

"ಅವಳನ್ನ ತೆಗೆಯಲ್ಲ," ಅಂದರು ಮೇಡಂ. "ನೀವು ಬಂದಿದ್ದಕ್ಕಲ್ಲ, ತಪ್ಪು ತಿಳ್ಕೋಬೇಡಿ. ಹೊರಗಿನೋರು ಯಾರೂ ಕೇಳೋ ಮೊದಲೇ ಅವಳೇ ಬಂದು ಹೇಳಿದ್ದಕ್ಕೆ. ಆದ್ರೆ ಇನ್ನೊಂದು ವಾರ ಹಳೇ ಫೋಟೋಗಳ ಜೊತೆ ಕೂರ್ಲಿ. ಪರೀಕ್ಷೆ ಒಂದು ತಿಂಗಳು ಮುಂದಕ್ಕೆ ಹೋಗತ್ತೆ. ಇನ್ನು ಮೇಲೆ ಅವಳ ಫೋಟೋ ಅವಳೇ ಕಳಿಸ್ಬೇಕು."

"ಮೂಲದ್ದು ತಂದಿದೀನಿ," ಅಂದ ಟಚಪ್ಪ, ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಡುತ್ತ. "ಮುಟ್ಟಿಲ್ಲ. ಆಣೆಗೂ."

ಆ ದಿನ ಗುಬ್ಬಿ ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದ. ಅವಳು ಎದುರಿಗೆ ಕೂತಳು. ಟಚಪ್ಪ ಉಪ್ಪಿನ ಬಟ್ಟಲನ್ನು ಅವಳ ಕಡೆ ತಳ್ಳಿದ.

"ಉಪ್ಪು ಸರಿ ಇದೆಯಪ್ಪ."

"ಸುಮ್ನೆ ಇಟ್ಕೋ."

ಇಟ್ಟುಕೊಂಡಳು. ಅಜ್ಜಿ ಅಂದು ಬೇಳೆಯನ್ನು ಒಂದೇ ಸಲ ಬಿಸಿ ಮಾಡಿದ್ದಳು.

ಭಾನುವಾರ ಮೂಲ ಚಿತ್ರ ಅಷ್ಟೇ ದೊಡ್ಡದಾಗಿ ಬಂತು. ಹಿಂದಿನ ವಾರದ ಚಿತ್ರದಲ್ಲಿ ಕೈಯ ಗುರುತುಗಳನ್ನು ಅಳಿಸಲಾಗಿತ್ತು, ಅದು ನಮ್ಮ ತಪ್ಪು ಎಂದು ಕೆಳಗೆ ಎರಡು ಸಾಲು. ಬೇಕರಿಯಲ್ಲಿ ಹೊಸ ಒಲೆಯ ಪಕ್ಕದ ಗೋಡೆಗೆ ಟಚಪ್ಪ ಕೊಟ್ಟ ಚಿತ್ರ ಏರಿತು. ಕಪಾಟಿನ ಬೀಗ ತೆಗೆದರು. ಗುಬ್ಬಿ ಮತ್ತೆ ಊರು ಸುತ್ತಿದಳು, ಕೆಸರು ಮೆತ್ತಿದ ಶೂ ಬಾಗಿಲಲ್ಲಿ ಬಿಟ್ಟು ಅಮ್ಮನಿಂದ ಬೈಸಿಕೊಂಡಳು. ಪರೀಕ್ಷೆಯ ನಾಲ್ಕನೆಯ ತಿಂಗಳೂ ಮುಗಿದು ಒಂದು ಸಂಜೆ ಕೆಲಸದ ಕಾಗದ ಕೈಗೆ ಬಂತು. ಅದನ್ನು ಅಜ್ಜಿ ಗಟ್ಟಿಯಾಗಿ ಓದಿದಳು, ಸೊಸೆ ಮತ್ತೊಮ್ಮೆ ಓದಿಸಿದಳು. ಟಚಪ್ಪ "ಸರಿ, ಸರಿ" ಅಂದು ಅಂಗಡಿಗೆ ಹೋದ. ಅಲ್ಲಿ ಒಬ್ಬನೇ ಮೂಗು ಸೀನಿದ್ದು ಎಲ್ಲರಿಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಗುಬ್ಬಿ ಕೆಲಸಕ್ಕೆ ಹೊರಟು ಬಾಗಿಲಿಗೆ ಬಂದರೆ, ಅಪ್ಪ ಏಣಿಯ ಮೇಲಿದ್ದ. ಒಂದು ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಕುಂಚ. ಬೋರ್ಡಿನ 'ಮತ್ತು ಮಗಳು' ಎಂಬುದರ ಮೊದಲಕ್ಷರ ಆಗಲೇ ನೀಲಿಯಲ್ಲಿ ಮುಳುಗಿತ್ತು. ಏಣಿ ಹಿಡಿದು ನಿಂತವಳು ಅಜ್ಜಿ.

"ಅಪ್ಪ! ಏನು ಮಾಡ್ತಾ ಇದೀಯಾ?"

"ನೀನು ಪೇಪರಿಗೆ ಸೇರಿದ್ಯಲ್ಲ. ಬೋರ್ಡಿನ ಮೇಲೆ ಸುಳ್ಳು ಯಾಕೆ?"

"ಅಳಿಸಬೇಡ."

"ಇದು ಅಂಗಡಿ ಬೋರ್ಡು, ನಿಮ್ಮ ಪೇಪರ್ ಅಲ್ಲ."

"ಎಲ್ಲಾದ್ರೂ ಅಷ್ಟೇ. ಕತ್ತರಿಸಬಹುದು, ಅಳಿಸಬಾರದು."

"ಹಾಗಾದ್ರೆ ಗರಗಸ ತಂದುಕೊಡು," ಅಂದ ಟಚಪ್ಪ.

ಅಜ್ಜಿ ನಕ್ಕ ನಗುವಿಗೆ ಏಣಿ ಅಲುಗಿತು. ಅವನು ಬೋರ್ಡು ಹಿಡಿದುಕೊಳ್ಳಲು ಹೋಗಿ ಕುಂಚ ಮೂಗಿಗೇ ಬಡಿದುಕೊಂಡ.

"ಅಂಗಡಿಗೆ ಅಲ್ದಿದ್ರೂ ನಾನು ನಿಂಗೆ ಮಗಳೇ ತಾನೇ?" ಅಂದಳು ಗುಬ್ಬಿ. "ಅದು ಸುಳ್ಳಲ್ವಲ್ಲ. ಇರ್ಲಿ ಬಿಡು." ಅಷ್ಟರಲ್ಲಿ ಚೀಲದಿಂದ ಕ್ಯಾಮೆರಾ ಹೊರಗೆ ಬಂದಿತ್ತು. "ಹಾಗೇ ನಿಂತ್ಕೋ. ಅಲ್ಲಾಡಬೇಡ."

"ಮೂಗಿಗೆ ಬಣ್ಣ ಮೆತ್ತಿದೆ ಕಣೇ!"

"ಗೊತ್ತು."

ಟಚಪ್ಪ ಅವಳನ್ನೇ ಒಂದು ಗಳಿಗೆ ದಿಟ್ಟಿಸಿದ. ಆಮೇಲೆ, ಇಷ್ಟು ವರ್ಷ ತನ್ನ ಮುಂದೆ ಕೂತ ಗಿರಾಕಿಗಳೆಲ್ಲ ಮಾಡಿದ ಹಾಗೆಯೇ, ಬೆರಳಿನಿಂದ ಮೂಗು ಮುಟ್ಟಿ, ಕೊಂಚ ನಾಚಿ ಅಂದ: "ಇದನ್ನ ಸ್ವಲ್ಪ ನೋಡಿ ಕೊಡಮ್ಮ."

"ನೋಡ್ತಾ ಇದೀನಪ್ಪ," ಅಂದಳು ಗುಬ್ಬಿ, ಕಣ್ಣು ಕ್ಯಾಮೆರಾದಿಂದ ತೆಗೆಯದೆ. "ಚೆನ್ನಾಗಿ ನೋಡ್ತಾ ಇದೀನಿ."

ಆ ಚಿತ್ರ ಈಗ ಅಂಗಡಿಯ ಗಾಜಿನ ಹಿಂದೆ, ನೀಟಾಗಿ ನೋಡಿದ ಮದುಮಕ್ಕಳ ನಡುವೆ ನೀಲಿ ಮೂಗಿನ ಸಮೇತ ನಿಂತಿದೆ. ಮೇಲೆ ಬೋರ್ಡಿನಲ್ಲಿ ಕಳೆದುಹೋದ ಆ ಒಂದಕ್ಷರವನ್ನು ಟಚಪ್ಪ ಮತ್ತೆ ಬರೆಸಲಿಲ್ಲ. ಬರೆಸಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಬೀದಿಯಲ್ಲಿ ಹೋಗುವವರು ಅದನ್ನು ತಾವೇ ಸೇರಿಸಿಕೊಂಡು, ಮತ್ತು ಮಗಳು ಎಂದೇ ಓದಿಕೊಂಡು ಹೋಗುತ್ತಾರೆ.